ಉಳಿಕೆ ಬಿಸಿಲು

ನಮ್ಮ ಊರಿನಲ್ಲಿ ಹೊತ್ತು ಮುಳುಗಿದ ಮೇಲೂ ಯಾರ ಮನೆಯ ಮುಂದೆ ಕೋಳಿಗಳು ಗೂಡು ಸೇರದೆ ಕೆದಕಿಕೊಂಡು ಓಡಾಡುತ್ತಿವೆಯೋ, ಆ ಮನೆಯವರು ಅವತ್ತು ಕೆಲಸದಲ್ಲಿ ಹೊತ್ತು ಉಳಿಸಿ ಬಂದಿದ್ದಾರೆ ಎಂದು ತಿಳಿಯಬೇಕು. ಉಳಿಸಿದ ಹೊತ್ತು ಬಿಸಿಲಾಗಿ ಅವರ ಹಿಂದೆಯೇ ಬರುತ್ತದೆ. ಒಂದು ಅಂಗಳದಷ್ಟು ಅಗಲ, ಇಳಿಹೊತ್ತಿನ ಬಣ್ಣ. ಆಳು ಕೂತರೆ ಕೂರುತ್ತದೆ, ನಡೆದರೆ ನಡೆಯುತ್ತದೆ, ಉಳಿಸಿದಷ್ಟು ಹೊತ್ತು ಮುಗಿದ ಕೂಡಲೇ ಹೇಳದೆ ಕೇಳದೆ ಹೋಗಿಬಿಡುತ್ತದೆ. ನಾಳೆಗೆ ಎತ್ತಿಡಲು ಬರುವುದಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದವರಿಗೆ ಒಂದು ಮಿಣುಕೂ ಸಿಗುವುದಿಲ್ಲ. ನನ್ನ ಮೈದುನ ಇದನ್ನು ಬಹಳ ವರ್ಷ ಪರೀಕ್ಷೆ ಮಾಡಿ ನೋಡಿದ್ದಾನೆ.

ಇದಕ್ಕೆ ತಕ್ಕ ಹಾಗೆ ನಾವೂ ಬದುಕು ಹೊಂದಿಸಿಕೊಂಡಿದ್ದೇವೆ. ಕೈಚುರುಕಿನ ದರ್ಜಿಯ ಅಂಗಳಕ್ಕೆ ಅಕ್ಕಪಕ್ಕದ ಹೆಂಗಸರು ಸಂಜೆ ಹಪ್ಪಳ ಸಂಡಿಗೆಯ ಮೊರ ಹೊತ್ತುಕೊಂಡು ಹೋಗುತ್ತಾರೆ. ಗಂಡು ನೋಡಲು ಬಂದವರು ಕತ್ತಲಾಗುವ ತನಕ ಏನಾದರೂ ನೆಪ ಹೇಳಿ ಕೂತೇ ಇರುತ್ತಾರೆ, ಹುಡುಗನ ತಲೆಯ ಮೇಲೆ ಬಿಸಿಲು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿಕೊಂಡೇ ಎದ್ದು ಹೋಗುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಉಳಿಸಿ ತಂದರೆ ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಒಂದು ಹೋಗಿ ಇನ್ನೊಂದು ಬರುವ ನಡುವೆ ಸ್ವಲ್ಪ ಕತ್ತಲೆ ಇರುತ್ತದೆ. ಬರುವುದು ದೊಡ್ಡದಾದಷ್ಟೂ ಆ ಕತ್ತಲೆ ಕೊಂಚ ಹೆಚ್ಚು ಕಾಯಿಸುತ್ತದೆ. ಗಂಡ ಹೆಂಡತಿ ಆ ಕತ್ತಲೆಯಲ್ಲಿ ಕೂತು ಯಾರದು ದೊಡ್ಡದು ಎಂದು ಜಗಳವಾಡುವುದನ್ನು ನಾನು ನಮ್ಮ ಬೀದಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ನನ್ನ ಮನೆಯ ಕೋಳಿಗಳು ಮಾತ್ರ ಹೊತ್ತಿಗೆ ಸರಿಯಾಗಿ ಗೂಡು ಸೇರುತ್ತಿದ್ದವು.

ಅದಕ್ಕೆ ಕಾರಣ ನನ್ನ ಕೆಲಸ. ನಾನು ಅಂಬುಜಾಕ್ಷಿ, ಕಾಲುಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಪ್ರಸ್ತಾವನೆ ವಿಭಾಗದ ಮೇಲ್ವಿಚಾರಕಿ. ಯಾವುದೋ ಹಳ್ಳಿಯವರಿಗೆ ಹೊಳೆ ದಾಟಲು ಸೇತುವೆ ಬೇಕಾಗುತ್ತದೆ, ಅವರು ಟೆಂಡರ್ ಕರೆಯುತ್ತಾರೆ. ನಾವು ಹೀಗೆ ಕಟ್ಟುತ್ತೇವೆ, ಇಷ್ಟಾಗುತ್ತದೆ, ಇಂಥ ಹೊತ್ತಿಗೆ ಮುಗಿಸುತ್ತೇವೆ ಎಂದು ಬರೆದು, ಲಕೋಟೆಗೆ ಅರಗು ಹಾಕಿ, ಕೊನೆಯ ದಿನದೊಳಗೆ ಮುಟ್ಟಿಸಬೇಕು. ಬೇರೆ ಕಂಪನಿಗಳೂ ಮುಟ್ಟಿಸುತ್ತವೆ. ಒಬ್ಬರಿಗೆ ಸಿಗುತ್ತದೆ, ಉಳಿದವರದು ಕಸದ ಬುಟ್ಟಿಗೆ. ಒಂದು ಪ್ರಸ್ತಾವನೆ ಎಂದರೆ ನಕ್ಷೆ ಒಬ್ಬರ ಕೈಯಲ್ಲಿ, ಸಾಮಾನಿನ ವಿವರ ಇನ್ನೊಬ್ಬರ ಕೈಯಲ್ಲಿ, ದರ ಮತ್ತೊಬ್ಬರ ಕೈಯಲ್ಲಿ. ಯಾವಾಗ ನೋಡಿದರೂ ಇಂಥವು ಹತ್ತಾರು ಒಟ್ಟಿಗೆ ನಡೆಯುತ್ತಿರುತ್ತವೆ. ಯಾವುದು ಯಾರ ಮೇಜಿನ ಮೇಲೆ ಕೂತಿದೆ ಎಂದು ತಿಳಿದುಕೊಂಡು, ಪ್ರತಿ ಶನಿವಾರ ಮಾಲೀಕರಿಗೆ ವರದಿ ಕೊಡುವುದು ನನ್ನ ಪಾಲಿಗೆ ಬಂದಿತ್ತು.

ಶನಿವಾರ ಬೆಳಿಗ್ಗೆ ಬಂದು ಚೀಲ ಇಟ್ಟವಳೇ ಮೇಜಿನಿಂದ ಮೇಜಿಗೆ ಹೊರಡುತ್ತಿದ್ದೆ. ಎಲ್ಲಿಗೆ ಬಂತು, ಎಲ್ಲಿಗೆ ಬಂತು, ಇದೊಂದೇ ಮಾತು. ದರ ಹಾಕುವ ಚಿದಾನಂದ ಸಾಮಾನಿನ ವಿವರ ಬಂದಿಲ್ಲ ಅನ್ನುತ್ತಿದ್ದ, ಸಾಮಾನಿನ ವಿವರ ಬರೆಯುವ ಪಂಕಜ ನಕ್ಷೆ ಬಂದಿಲ್ಲ ಅನ್ನುತ್ತಿದ್ದಳು. ಎಲ್ಲರನ್ನೂ ಕೇಳಿ ಮುಗಿಸುವ ಹೊತ್ತಿಗೆ ಮೊದಲು ಹೇಳಿದವನ ಮಾತು ಹಳಸಿರುತ್ತಿತ್ತು, ಮತ್ತೆ ಅವನ ಹತ್ತಿರ ಹೋಗಬೇಕು. ನನ್ನ ಬೆನ್ನ ಹಿಂದೆ ನನ್ನನ್ನು ಎಲ್ಲಿಗ್‌ಬಂತಕ್ಕ ಎಂದು ಕರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ನನಗೇನೂ ಬೇಜಾರಿರಲಿಲ್ಲ. ನಾನು ಕೇಳದಿದ್ದರೆ ಈ ಜನ ಒಂದು ಲಕೋಟೆಯನ್ನೂ ಹೊತ್ತಿಗೆ ಮುಟ್ಟಿಸುವುದಿಲ್ಲ ಎಂಬ ಜಂಬ ನನ್ನದು.

ಮಹಡಿಯ ಮೇಲೆ, ಮೂಡಣ ಕಿಟಕಿಯ ಕೋಣೆಯಲ್ಲಿ, ನಕ್ಷೆ ಬರೆಯುವ ಹಾಲಯ್ಯನವರು ಕೂರುತ್ತಿದ್ದರು. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅವರು ಅದೇ ಕಿಟಕಿಯ ಪಕ್ಕ. ಈಗಲೂ ಕೈಯಲ್ಲೇ, ಶಾಯಿಯಲ್ಲೇ ಬರೆಯುತ್ತಿದ್ದರು. ಸೇತುವೆ ಬರೆದು ಮುಗಿಸಿದ ಮೇಲೆ ಅದರ ಅಳತೆ ನೋಡುವವರಿಗೆ ಅಂದಾಜಾಗಲಿ ಎಂದು ಪುಟ್ಟ ಮನುಷ್ಯರನ್ನು ನಿಲ್ಲಿಸುತ್ತಿದ್ದರು. ಯಾವಾಗಲೂ ಅವರೇ: ಬಿಂದಿಗೆ ಹೊತ್ತ ಹೆಂಗಸೊಬ್ಬಳು, ಮೇಕೆ ಎಳೆದುಕೊಂಡು ಹೋಗುವ ಗಂಡಸೊಬ್ಬ. ಹಳ್ಳಿಯವರು ನಮ್ಮ ಕಂಪನಿಯನ್ನು ಆರಿಸುತ್ತಿದ್ದದ್ದು ಆ ಮೇಕೆ ನೋಡಿಕೊಂಡೇ ಎಂದು ನನ್ನ ಗುಮಾನಿ. ನಾನು ಹೋಗಿ ಎಲ್ಲಿಗೆ ಬಂತು ಎಂದರೆ ಅವರು ಲೇಖನಿ ಕೆಳಗಿಡುತ್ತಿದ್ದರು. ಅದರ ಮೊನೆಯನ್ನು ಬಟ್ಟೆಯಲ್ಲಿ ಒರೆಸಿ, ಬಟ್ಟೆ ಮಡಿಸಿಟ್ಟು, ಕನ್ನಡಕ ತೆಗೆದು, ನನ್ನ ಕಡೆ ತಿರುಗಿ, “ಬರ್ತಾ ಇದೆ ತಾಯಿ” ಅನ್ನುತ್ತಿದ್ದರು. ಅಷ್ಟೇ. ಅವರ ಹತ್ತಿರ ನನಗೆ ಹೆಚ್ಚು ಹೊತ್ತು ಹಿಡಿಯುತ್ತಲೇ ಇರಲಿಲ್ಲ. ಮೆಟ್ಟಿಲು ಇಳಿದು ಬಂದು ಮಧ್ಯಾಹ್ನ ಮತ್ತೊಮ್ಮೆ ಹತ್ತುತ್ತಿದ್ದೆ.

ಇಂಥ ಹಾಲಯ್ಯನವರು ತಾವು ಬರೆದ ಒಂದು ಸೇತುವೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ನಮ್ಮ ವಿಭಾಗದ ಹಣೆಬರಹವೇ ಅದು. ಟೆಂಡರ್ ಸಿಕ್ಕಿತು ಎಂದು ಸಿಹಿ ಹಂಚಿದ ಮಾರನೆಯ ದಿನ ನಮ್ಮ ಮುಂದೆ ಬೇರೆ ಟೆಂಡರ್ ಇರುತ್ತದೆ. ಕಟ್ಟುವವರು ಬೇರೆ, ಅವರು ಹೋಗುತ್ತಾರೆ, ಕಟ್ಟುತ್ತಾರೆ, ಅಲ್ಲಿಯ ಜನರ ಕೈಯಲ್ಲಿ ಹೋಳಿಗೆ ತಿಂದು ಬರುತ್ತಾರೆ. ನಮಗೆ ಕಾಗದವೇ ಹೊಳೆ, ಕಾಗದವೇ ದಡ. ನಾನೂ ಒಂದು ಸೇತುವೆಯನ್ನೂ ನೋಡಿರಲಿಲ್ಲ. ಆದರೆ ನಾನು ಅದನ್ನು ಬರೆದವಳಲ್ಲವಲ್ಲ.

ಹೀಗಿರುವಾಗ ನಮ್ಮ ಮಾಲೀಕರಾದ ಮರುಳಪ್ಪನವರು ಎಲ್ಲೋ ಹೋಗಿದ್ದವರು ವರದಿ ಕೊಡುವ ಒಂದು ಸಾಫ್ಟ್‌ವೇರ್ ಕೊಂಡು ತಂದರು. ಅದನ್ನು ಕೂರಿಸಲು ಬಂದ ಹುಡುಗಿ ಮೊಗಸಾಲೆಯ ಗೋಡೆಗೆ ಒಂದು ದೊಡ್ಡ ಪರದೆ ಹಾಕಿಸಿದಳು. ಪ್ರತಿಯೊಬ್ಬರೂ ತಮ್ಮ ಪಾಲಿನದು ಮುಗಿದ ಕೂಡಲೇ ತಮ್ಮ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಪರದೆಯ ಮೇಲೆ ಆ ಪ್ರಸ್ತಾವನೆ ಮುಂದಿನವರ ಹೆಸರಿನ ಚೌಕಕ್ಕೆ ನಡೆದು ಹೋಗುತ್ತದೆ. ಮುಗಿದದ್ದು ಹಸಿರು, ನಡೆಯುತ್ತಿರುವುದು ಹಳದಿ, ತಡವಾದದ್ದು ಕೆಂಪು. ಶನಿವಾರ ಬೆಳಿಗ್ಗೆ ವಾರದ ವರದಿಯನ್ನು ಅದೇ ಬರೆದು, ಅದೇ ಅಚ್ಚು ಹಾಕಿ ಹೊರಗೆ ನೂಕುತ್ತದೆ. ನನ್ನ ಇಡೀ ಶನಿವಾರ, ನಾನು ಕಾಫಿಗೆ ಸಕ್ಕರೆ ಕಲಕುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಬೆರಗಾಗದೆ ಇರಲು ಸಾಧ್ಯವಿರಲಿಲ್ಲ. ಚಿದಾನಂದನಂತೂ ಪರದೆಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ, ನನ್ನನ್ನು ಕೆಣಕಲು.

ಆದರೆ ನನಗೆ ನಂಬಿಕೆ ಬರಬೇಕಲ್ಲ. ಅದು ವರದಿ ಕೊಟ್ಟ ಮೇಲೂ ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಹೋಗಿ, ಇದು ಹೇಳುತ್ತಿರುವುದು ನಿಜವೇ ಎಂದು ಕೇಳಿ ಬರುತ್ತಿದ್ದೆ. ಹಾಗಾಗಿ ಗುಂಡಿ ಒತ್ತುವ ಕೆಲಸವೂ ಆಯಿತು, ನನಗೆ ಉತ್ತರ ಕೊಡುವ ಕೆಲಸವೂ ಉಳಿಯಿತು. ಒಬ್ಬರ ತಲೆಯ ಮೇಲೂ ಬಿಸಿಲು ಬೀಳಲಿಲ್ಲ. ಕೆಲವು ವಾರ ನೋಡಿ ಮರುಳಪ್ಪನವರು ತಾಳ್ಮೆ ಕಳೆದುಕೊಂಡರು. ಈ ಶನಿವಾರ ನೀವು ಯಾವ ಮೇಜಿನ ಹತ್ತಿರವೂ ಸುಳಿಯಕೂಡದು, ಕೆಂಪು ಕಂಡರೆ ಮಾತ್ರ ಹೋಗಿ ಕೇಳಿ ಎಂದು ಕಟ್ಟಪ್ಪಣೆ ಮಾಡಿದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು. ಅವತ್ತು ಸಂಜೆ ಯಾರೂ ಮನೆಗೆ ಹೋಗುವ ಹಾಗಿಲ್ಲ, ಎಲ್ಲರೂ ಆಫೀಸಿನ ಅಂಗಳದಲ್ಲೇ ನಿಲ್ಲಬೇಕು, ಬರುವ ಬಿಸಿಲನ್ನೆಲ್ಲ ಒಟ್ಟು ಮಾಡಿ ಅದರ ಬೆಳಕಿನಲ್ಲೇ ಮೇಜು ಹಾಕಿ, ಸೇತುವೆಯ ಜೊತೆಗೆ ಹೊಸದಾಗಿ ಕೈಹಾಕಿದ್ದ ನೀರಿನ ತೊಟ್ಟಿಯ ಟೆಂಡರ್ ಬರೆದು ಮುಗಿಸಬೇಕು.

ಉಳಿಸಿದ್ದನ್ನು ಮತ್ತೆ ಇವರ ಹೊಟ್ಟೆಗೇ ಹಾಕುವುದಾದರೆ ಯಾಕಾದರೂ ಉಳಿಸಬೇಕು ಎಂದು ಚಿದಾನಂದ ಗೊಣಗಿದ. ಪಂಕಜ ಮನೆಗೆ ಹೇಳಿ ಕಳಿಸಿದಳು. ಎಲ್ಲರ ಮುಖವೂ ಊದಿಕೊಂಡಿತ್ತು, ಆದರೆ ಸಂಬಳ ಕೊಡುವವರ ಎದುರು ಯಾರು ಏನು ಹೇಳುತ್ತಾರೆ.

ಆ ಶನಿವಾರ ಬಂತು. ವರದಿ ತನ್ನಷ್ಟಕ್ಕೆ ಹೊರಗೆ ಬಂದು ಬಿತ್ತು. ನಾನು ಕುರ್ಚಿಯಲ್ಲಿ ಕೂತೆ. ಕಾಲು ತುರಿಸುತ್ತಿತ್ತು, ನಾಲಿಗೆ ಅದಕ್ಕಿಂತ ಹೆಚ್ಚು ತುರಿಸುತ್ತಿತ್ತು. ಕೊನೆಗೆ ನನಗೆ ನಾನೇ ಒಂದು ಉಪಾಯ ಹೇಳಿಕೊಂಡೆ: ಯಾರನ್ನೂ ಕೇಳಬಾರದು ತಾನೆ, ನೋಡಬಾರದು ಎಂದೇನೂ ಹೇಳಿಲ್ಲವಲ್ಲ. ಬಾಗಿಲು ಮುಂದೆ ಮಾಡಿಕೊಂಡು, ನನ್ನ ಕೋಣೆಯ ಬೀರುವಿನಲ್ಲಿದ್ದ ಎಲ್ಲ ಪ್ರತಿಗಳನ್ನೂ ನೆಲದ ಮೇಲೆ ಹರವಿ, ವರದಿಯ ಒಂದೊಂದು ಸಾಲನ್ನೂ ಕಾಗದದ ಜೊತೆ ತಾಳೆ ನೋಡಲು ಶುರು ಮಾಡಿದೆ. ಬುತ್ತಿ ಬಿಚ್ಚಿದ್ದೂ ಅಲ್ಲೇ. ಊಟದ ಹೊತ್ತು ದಾಟಿದ ಮೇಲೆ ಕೊನೆಯ ಸಾಲು ಮುಗಿಯಿತು. ಒಂದು ತಪ್ಪೂ ಇರಲಿಲ್ಲ. ನಾನು ನೆಲದ ಮೇಲೆ ಕೂತು ಆ ಹಾಳೆಯನ್ನೇ ನೋಡಿದೆ. ಇಷ್ಟು ವರ್ಷ ಕಾಲು ಸವೆಸಿ, ಜನರ ಬಾಯಿಂದ ಕಿತ್ತು ಕಿತ್ತು ತಂದದ್ದನ್ನು ಇದು ಯಾರನ್ನೂ ನೋಯಿಸದೆ ತಿಳಿದುಕೊಂಡಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚೂ ಆಯಿತು, ಕೈಮುಗಿಯೋಣ ಎಂದೂ ಅನ್ನಿಸಿತು.

ಎದ್ದು ಮೊಗಸಾಲೆಗೆ ಬಂದರೆ ಪರದೆಯ ಮೇಲೆ ಅಷ್ಟರಲ್ಲಿ ಒಂದೇ ಒಂದು ಕೆಂಪು ಮೂಡಿತ್ತು. ಮಧ್ಯಾಹ್ನದೊಳಗೆ ಮುಗಿಯಬೇಕಾಗಿದ್ದ ನಕ್ಷೆ, ಹಾಲಯ್ಯನವರದು. ಕೆಂಪು ಕಂಡರೆ ಕೇಳಬಹುದಲ್ಲ, ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಅವರು ಲೇಖನಿ ಒರೆಸಿ ಎತ್ತಿಟ್ಟು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನಕ್ಷೆ ಎದುರಿಗೇ ಒಣಗುತ್ತಿತ್ತು. ಹೆಂಗಸು, ಬಿಂದಿಗೆ, ಮೇಕೆ ಎಲ್ಲವೂ ಇತ್ತು. ಬೆಳಿಗ್ಗೆಯೇ ಮುಗಿಯಿತು ತಾಯಿ ಎಂದರು. ಹಾಗಾದರೆ ಗುಂಡಿ ಯಾಕೆ ಒತ್ತಲಿಲ್ಲ ಎಂದು ಕೇಳಿದೆ. ಇಷ್ಟು ವಾರ ಅಂದಾಜಿನಲ್ಲಿ ಒತ್ತುತ್ತಿದ್ದೆ, ಈಗ ಗುಂಡಿ ಕಾಣುವುದೇ ಇಲ್ಲ ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಬಿಸಿಲು ಬಿದ್ದದ್ದು ಮಾತ್ರ ಅವರಿಗೆ ಕಾಣುತ್ತಿತ್ತಂತೆ. ದೀಪದ ಬೆಳಕು, ಪರದೆಯ ಬೆಳಕು ಎಲ್ಲವೂ ಬರೀ ಮಬ್ಬು. ಮಾರನೆಯ ಬೆಳಿಗ್ಗೆಯೇ ಎರಡೂ ಕಣ್ಣಿಗೆ ಆಪರೇಷನ್ ಇತ್ತು. ನೋಟ ಬರಲೂಬಹುದು, ಇರುವುದೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಹೇಳಿದರೆ ನಕ್ಷೆಯ ಕೆಲಸ ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ.

“ಒಂದೇ ಒಂದು ಸೇತುವೆ ನೋಡ್ಬೇಕಿತ್ತು ತಾಯಿ” ಎಂದರು. “ನಾನು ಬರೆದದ್ದು ನೆಟ್ಟಗೆ ನಿಂತಿದೆಯಾ ಅಂತ.”

ಹತ್ತಿರದ್ದೆಂದರೆ ಹದ್ದಿನ ಕೊಳ್ಳದ ಸೇತುವೆ, ಹೋದ ವರ್ಷ ಕಟ್ಟಿದ್ದು. ಬಂಡೆಗಳ ನಡುವಿನ ಕಾಲುದಾರಿ, ಗಾಡಿ ಹೋಗುವುದಿಲ್ಲ. ಈಗ ಹೊರಟರೂ ಅರ್ಧ ದಾರಿಯಲ್ಲೇ ಹೊತ್ತು ಮುಳುಗುತ್ತದೆ. ಅದನ್ನೂ ಅವರು ಆಗಲೇ ಯೋಚಿಸಿಟ್ಟಿದ್ದರು. ಪಂಜು ಹಿಡಿದುಕೊಂಡು ಹೋದರೂ ನನಗೆ ಅಲ್ಲಿ ಕತ್ತಲೆಯೇ ಎಂದು ನಕ್ಕರು. ಅವರ ಕಂಪ್ಯೂಟರಿನ ಗುಂಡಿಯನ್ನು ನಾನೇ ಒತ್ತಿ, ಕೆಂಪನ್ನು ಹಸಿರು ಮಾಡಿ, ಸೀದಾ ಮಾಲೀಕರ ಕೋಣೆಗೆ ಹೋದೆ.

ಮರುಳಪ್ಪನವರು ಕೇಳಿಸಿಕೊಂಡರು. ಕೇಳಿಸಿಕೊಂಡು, ತೊಟ್ಟಿಯ ಟೆಂಡರಿಗೆ ಬುಧವಾರ ಕೊನೆಯ ದಿನ ಎಂದರು. ಬಿಸಿಲು ನಮ್ಮದು ಎಂದು ನಾನು ಹೇಳಿದೆ. ಸಾಫ್ಟ್‌ವೇರ್ ನನ್ನದು ಎಂದು ಅವರು ಹೇಳಿದರು. ಇದು ಹೀಗೇ ಬೆಳೆಯುತ್ತಿತ್ತೇನೋ, ಆದರೆ ಅವರಿಗೆ ಯಾವ ಜಗಳದ ನಡುವೆಯೂ ಒಮ್ಮೆ ಎದ್ದು ಪರದೆ ನೋಡಿ ಬರುವ ಹೊಸ ಚಟ ಅಂಟಿಕೊಂಡಿತ್ತು. ಮೊಗಸಾಲೆಗೆ ಹೋಗಿ ನಿಂತರು. ಮೇಲಿನಿಂದ ಕೆಳಗಿನ ತನಕ ಅವತ್ತಿನ ಪಾಲಿನದೆಲ್ಲ ಹಸಿರು. ಯಾವುದೂ ತಡವಾಗಿರಲಿಲ್ಲ, ಬೈಯಲು ಒಬ್ಬರೂ ಇರಲಿಲ್ಲ. ಅವರು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಉದ್ಘಾಟನೆ ದಿನ ನನಗೆ ಜ್ವರ ಬಂದಿತ್ತು ಕಣಮ್ಮ, ಆ ಸೇತುವೆ ನಾನೂ ನೋಡಿಲ್ಲ” ಎಂದು ಹೇಳಿ ಚಪ್ಪಲಿ ಹುಡುಕತೊಡಗಿದರು.

ನಮ್ಮವರಿಗೆ ಏನನ್ನೂ ಪ್ರಸ್ತಾವನೆ ಇಲ್ಲದೆ ಮಾಡಿ ಅಭ್ಯಾಸವಿಲ್ಲ. ಚಿದಾನಂದ ಅಲ್ಲೇ ನಿಂತು ಯಾರ ಬಿಸಿಲು ಎಷ್ಟಿರಬಹುದು ಎಂದು ಅಂದಾಜು ಹಾಕಿದ. ಪಂಕಜಳದು ಇಷ್ಟು, ತನ್ನದು ಇಷ್ಟು, ಉಳಿದವರದು ಇಷ್ಟಿಷ್ಟು. ಹಾಲಯ್ಯನವರದನ್ನು ಅವನು ಸೇರಿಸಲೇ ಇಲ್ಲ. ಅವರು ನಿಧಾನಸ್ಥರು, ಅವರ ತಲೆಯ ಮೇಲೆ ಬಿಸಿಲು ನಿಂತದ್ದನ್ನು ಕಂಡವರೇ ಇರಲಿಲ್ಲ. ಒಟ್ಟು ಮಾಡಿದರೆ ಕೊಳ್ಳದ ಹತ್ತಿರದ ತನಕ ಬರುತ್ತದೆ, ಸೇತುವೆಯ ತನಕ ಬರುವುದಿಲ್ಲ ಎಂದ. ನಾನು ಎದೆ ತಟ್ಟಿಕೊಂಡು, ನನ್ನ ಇಡೀ ಶನಿವಾರ ಉಳಿದಿದೆಯಲ್ಲ, ನನ್ನದೇ ಎಲ್ಲರಿಗಿಂತ ದೊಡ್ಡದು, ಕೊನೆಗೆ ಬರುವುದು ಅದೇ, ಸೇತುವೆ ತೋರಿಸುವುದೂ ಅದೇ ಎಂದೆ. ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದೆ. ಬಾಗಿಲು ಮುಂದೆ ಮಾಡಿಕೊಂಡು ತಾಳೆ ನೋಡಿದ್ದು ಒಂದು ಕೆಲಸ ಎಂದು ನನಗೆ ಅನ್ನಿಸಿರಲೇ ಇಲ್ಲ.

ಊರು ದಾಟಿ ಬಂಡೆಗಳ ಸಾಲಿನ ಬುಡಕ್ಕೆ ಬರುವ ಹೊತ್ತಿಗೆ ಸೂರ್ಯ ಮುಳುಗಿದ. ಸುತ್ತಲಿನ ಬಯಲೆಲ್ಲ ಕಪ್ಪಾಯಿತು, ನಾವು ನಿಂತ ನೆಲ ಮಾತ್ರ ಕಪ್ಪಾಗಲಿಲ್ಲ. ಊರಿನ ಅಂಗಳದಲ್ಲಿ ದಿನವೂ ಕಾಣುವ ಬಿಸಿಲೇ ಅದು. ಆದರೆ ಬಟ್ಟ ಬಯಲಿನಲ್ಲಿ, ನಕ್ಷತ್ರಗಳ ಕೆಳಗೆ, ನಮ್ಮ ಜೊತೆ ಕಾಲಿಗೆ ಕಾಲು ಹಾಕಿ ನಡೆಯುವ ಬಿಸಿಲನ್ನು ನಾವು ಯಾರೂ ಕಂಡಿರಲಿಲ್ಲ. ಎಲ್ಲರ ನೆರಳೂ ಒಂದೇ ಕಡೆಗೆ ಉದ್ದಕ್ಕೆ ಬಿದ್ದು, ಬೆಳಕಿನ ಅಂಚಿಗೆ ಹೋಗಿ ಕತ್ತಲೆಯಲ್ಲಿ ಕರಗುತ್ತಿತ್ತು. ಒಂದು ಹೊಂಡದ ಪಕ್ಕ ನಡೆದಾಗ ಮುಚ್ಚಿದ್ದ ತಾವರೆಗಳು ನಾವು ಹತ್ತಿರ ಬಂದ ಹಾಗೆ ಬಿಚ್ಚಿಕೊಂಡು, ನಾವು ದಾಟಿದ ಹಾಗೆ ಮುಚ್ಚಿಕೊಂಡವು. ದಾರಿಯ ಒಂಟಿ ಮನೆಯ ಹುಂಜ ಗಾಬರಿಯಿಂದ ಕೂಗಿತು. ಆ ಮನೆಯ ಹೆಂಗಸು ಹೊರಗೆ ಬಂದು ಬಾಗಿಲಿಗೆ ನೀರು ಹಾಕಿ ಪೊರಕೆ ಹಿಡಿದಳು. ಅಷ್ಟರಲ್ಲಿ ನಾವು ಮುಂದೆ ಹೋದೆವು, ಅವಳ ಬೆಳಗು ನಮ್ಮ ಜೊತೆ ಹೊರಟುಹೋಯಿತು. ತಿರುಗಿ ನೋಡಿದರೆ ಕತ್ತಲೆಯಲ್ಲಿ ಪೊರಕೆಯ ಸದ್ದು ನಿಂತಿತ್ತು. ಮರುಳಪ್ಪನವರಿಗೆ ತಮ್ಮದೆಂಬ ಬಿಸಿಲಿರಲಿಲ್ಲ, ಅವರು ಎಲ್ಲಿ ಹೊರಗೆ ಉಳಿದುಬಿಡುತ್ತೇನೋ ಎಂದು ಗುಂಪಿನ ನಟ್ಟನಡುವೆ ಸೇರಿಕೊಂಡು ನಡೆದರು.

ಒಬ್ಬರದು ಮುಗಿಯುತ್ತಿತ್ತು, ಕತ್ತಲೆ ಬೀಳುತ್ತಿತ್ತು, ನಾವು ನಿಂತು ಕಾಯುತ್ತಿದ್ದೆವು, ಇನ್ನೊಬ್ಬರದು ಬರುತ್ತಿತ್ತು. ಪಂಕಜಳ ಬಿಸಿಲು ಹದವಾಗಿತ್ತು, ಸಂಡಿಗೆ ಒಣಗಿಸುವಂಥದು. ಚಿದಾನಂದನದು ಕೊನೆಗೆ ಬಂತು, ಬೆನ್ನು ಚುರುಗುಟ್ಟಿಸಿತು. ಹಾಲಯ್ಯನವರು ನನ್ನ ತೋಳು ಹಿಡಿದು ಏರು ಹತ್ತುತ್ತಿದ್ದರು. ಪ್ರತಿ ಕಲ್ಲನ್ನೂ, ಪ್ರತಿ ಗಿಡವನ್ನೂ ಬಗ್ಗಿ ನೋಡುತ್ತಿದ್ದರು. ಕೊಳ್ಳದ ನೀರಿನ ಸದ್ದು ಕಿವಿಗೆ ಬಿತ್ತು. ಇನ್ನು ಒಂದು ತಿರುವು ದಾಟಿದರೆ ಸೇತುವೆ ಎನ್ನುವಾಗ ಚಿದಾನಂದನ ಬಿಸಿಲು ಹೋಯಿತು.

“ಈಗ ಅಂಬಕ್ಕಂದು” ಎಂದು ಪಂಕಜ ಹೇಳಿದಳು. ಎಲ್ಲರೂ ಕಾದರು. ದೊಡ್ಡದು ಬರುವ ಮೊದಲು ಕತ್ತಲೆ ಹೆಚ್ಚು ಕಾಯಿಸುತ್ತದೆ ಎಂದು ಗೊತ್ತಿದ್ದದ್ದರಿಂದ ಮೊದಮೊದಲು ಯಾರಿಗೂ ಕಳವಳವಾಗಲಿಲ್ಲ. ನನ್ನದು ಅಷ್ಟು ದೊಡ್ಡದೆಂದು ಯಾರೋ ಹೊಗಳಿದರು ಕೂಡ. ಕತ್ತಲೆ ಹಾಗೇ ನಿಂತಿತು. ನಿಂತೇ ಇತ್ತು. ಆ ಕತ್ತಲೆಯಲ್ಲಿ ನನ್ನ ಕಣ್ಣಿನ ಮುಂದೆ ನನ್ನ ಕೋಣೆಯ ನೆಲ, ಹರವಿದ ಕಾಗದಗಳು, ಮುಂದೆ ಮಾಡಿದ ಬಾಗಿಲು ಬಂದವು. ನನ್ನ ಶನಿವಾರ ಎಲ್ಲಿ ಹೋಯಿತು ಎಂದು ಆಗ ನನಗೆ ತಿಳಿಯಿತು.

ನನ್ನದು ಬರುವುದಿಲ್ಲ ಎಂದೆ. ವರದಿಯನ್ನು ಕೂತು ಕೈಯಾರೆ ತಾಳೆ ನೋಡಿದೆ, ಅದರಲ್ಲೇ ಹೊತ್ತೆಲ್ಲ ಹೋಯಿತು ಎಂದೆ.

“ಎಲ್ಲಾನೂ ನೋಡಿದ್ರಾ?” ಎಂದು ಮರುಳಪ್ಪನವರ ದನಿ ಕೇಳಿತು.

“ಒಂದೊಂದು ಸಾಲೂ.”

“ಸರಿಯಾಗಿತ್ತಾ?”

“ಎಲ್ಲಾ ಸರಿಯಾಗಿತ್ತು” ಎಂದೆ, ಎಂದವಳೇ ಅತ್ತೆ. ಮದುವೆಯಾದ ಮೇಲೆ ನಾನು ಜನರ ಎದುರಿಗೆ ಅತ್ತದ್ದು ಅದೇ ಮೊದಲು. ಹಾಲಯ್ಯನವರು ನನ್ನ ತೋಳಿನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ. ನೀರಿನ ಸದ್ದು ಕೇಳುತ್ತಿದೆಯಲ್ಲ ತಾಯಿ, ಸೇತುವೆಯ ಹತ್ತಿರ ಬಂದಂತೆಯೇ ಆಯಿತು, ಇಷ್ಟು ಸಾಕು ಎಂದರು. ಅವರು ನಿಜವಾಗಿಯೂ ಸಾಕು ಎಂಬ ಹಾಗೆಯೇ ಹೇಳಿದರು, ಅದನ್ನಂತೂ ನನಗೆ ತಡೆಯಲಾಗಲಿಲ್ಲ. ಹಿಂದಿರುಗುವುದಕ್ಕೆ ಚಿದಾನಂದ ತಡಕಾಡಿ ಕಡ್ಡಿಪೆಟ್ಟಿಗೆ ತೆಗೆದ.

ಆಗ ಬಿಸಿಲು ಬಂತು.

ಅಂಗಳದಷ್ಟು ಬಿಸಿಲಲ್ಲ. ಇಳಿಹೊತ್ತಿನ ಬಣ್ಣವೂ ಅಲ್ಲ. ಇಡೀ ಏರು, ಅದರ ಮೇಲಿನ ಬಂಡೆಗಳು, ಬಂಡೆಗಳ ಸಂದಿನ ಹುಲ್ಲು, ಮುಂದಿನ ತಿರುವು, ಆಚೆಯ ಕೊಳ್ಳ, ಎಲ್ಲವೂ ಎಳೆಯ ಬಿಸಿಲಿನಲ್ಲಿ ಒಮ್ಮೆಲೇ ಎದ್ದು ನಿಂತವು. ಗೂಡಿನಲ್ಲಿದ್ದ ಹದ್ದುಗಳು ಎದ್ದು ಕೊಳ್ಳದ ಮೇಲೆ ಸುತ್ತತೊಡಗಿದವು. ಹುಟ್ಟಿದಾಗಿನಿಂದ ಉಳಿಕೆ ಬಿಸಿಲಿನ ನಡುವೆಯೇ ಬೆಳೆದವಳು ನಾನು, ಆದರೂ ನನ್ನ ಮೈಮೇಲಿನ ಕೂದಲು ನಿಮಿರಿ ನಿಂತವು. ಎಲ್ಲರೂ ನನ್ನ ಹೆಸರು ಹಿಡಿದು ಕೂಗಿದರು, ಪಂಕಜ ನನ್ನನ್ನು ತಬ್ಬಿಕೊಂಡಳು. ನನಗೆ ಗೊತ್ತಿತ್ತು, ಇದು ನನ್ನದಲ್ಲ. ಅವಳನ್ನು ಬಿಡಿಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದೆ. ಬಿಸಿಲು ನನ್ನ ಹಿಂದೆ ಬರಲಿಲ್ಲ. ಅದರ ಅಂಚು ದಾಟಿ ಕತ್ತಲೆಯಲ್ಲಿ ನಿಂತು ತಿರುಗಿ ನೋಡಿದೆ. ರಾತ್ರಿಯ ನಡುವೆ ಒಂದು ಬೆಟ್ಟ ಬೆಳಗಾಗಿ ನಿಂತಿತ್ತು. ಹಾಲಯ್ಯನವರು ಒಬ್ಬರೇ ತಿರುವಿನ ಕಡೆಗೆ ನಡೆಯುತ್ತಿದ್ದರು. ಅವರು ನಡೆದ ಹಾಗೆ ಬೆಳಗೂ ನಡೆಯುತ್ತಿತ್ತು.

ಅಲ್ಲಿ, ಕತ್ತಲೆಯಲ್ಲಿ ನಿಂತು, ನನಗೆ ಅವರ ಲೇಖನಿ ಒರೆಸುವ ಬಟ್ಟೆ ನೆನಪಾಯಿತು. ನಾನು ಕೇಳುವುದಕ್ಕೆ ಒಂದು ಗಳಿಗೆ ಸಾಕಾಗುತ್ತಿತ್ತು. ಅವರು ಆ ಬಟ್ಟೆಯನ್ನು ಪಕ್ಕಕ್ಕಿಟ್ಟು, ಲೇಖನಿ ತೆಗೆದು, ಕನ್ನಡಕ ಹಾಕಿ, ಬಿಟ್ಟ ಗೆರೆಯನ್ನು ಹುಡುಕಿ, ಅದು ಯಾವ ಯೋಚನೆಯಿಂದ ಹೊರಟಿತ್ತು ಎಂದು ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೆ ಬರಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ನಾನು ಮತ್ತೆ ಮೆಟ್ಟಿಲು ಹತ್ತಿರುತ್ತಿದ್ದೆ. ಈ ಶನಿವಾರ ಬೆಳಿಗ್ಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಒಂದು ಸಾಫ್ಟ್‌ವೇರ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ಅವರಿಗೆ ಸಿಕ್ಕಿದ್ದು ಇಷ್ಟು. ಒಂದು ಬೆಳಗಿನದೇ ಇಷ್ಟು. ನನಗೆ ನಾಚಿಕೆಯಾಯಿತು ಎಂದರೆ ಸುಳ್ಳಾಗುತ್ತದೆ, ನಾಚಿಕೆ ಆ ಬೆರಗಿನ ಮುಂದೆ ನಿಲ್ಲಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಓಡಿ ಹೋಗಿ ಅವರ ಬೆಳಕಿನೊಳಗೆ ಸೇರಿಕೊಂಡೆ.

ತಿರುವು ದಾಟಿದರೆ ಸೇತುವೆ ಇತ್ತು. ಎರಡು ಬಂಡೆಗಳ ನಡುವೆ ಕಬ್ಬಿಣದ ಹಗ್ಗ, ಹಲಗೆ, ನಡುವೆ ಸ್ವಲ್ಪ ಅಗಲ, ಎದುರುಬದುರು ಬಂದವರು ಹಾದುಹೋಗಲಿ ಎಂದು ಅವರೇ ಹಾಗೆ ಬರೆದದ್ದು. ನೆಟ್ಟಗೆ ನಿಂತಿತ್ತು. ಆದರೆ ಅದು ಕಾಗದದ ಮೇಲಿದ್ದ ಹಾಗೆ ಇರಲಿಲ್ಲ. ಆಸರೆಯ ಹಗ್ಗದ ಮೇಲೆ ಯಾರೋ ಕಂಬಳಿ ಒಣಹಾಕಿದ್ದರು. ಒಂದು ಕಂಬಕ್ಕೆ ದೊಡ್ಡಪತ್ರೆಯ ಡಬ್ಬ ಕಟ್ಟಿದ್ದರು. ನಡುವಿನ ಅಗಲದಲ್ಲಿ ಕೂರಲು ಎರಡು ಕಲ್ಲು ತಂದು ಹಾಕಿಕೊಂಡು, ಅದನ್ನು ಹರಟೆಕಟ್ಟೆ ಮಾಡಿಕೊಂಡಿದ್ದರು. ಹಾಲಯ್ಯನವರು ಹಲಗೆಯ ಮೇಲೆ ಒಂದು ಕಾಲಿಟ್ಟು, ಅದು ಸಣ್ಣಗೆ ತೂಗಿದ ಕೂಡಲೇ ನಿಂತರು. ಮತ್ತೊಂದು ಕಾಲಿಟ್ಟರು. ನಡುವಿನ ತನಕ ಹೋಗಿ, ಬಗ್ಗಿ, ಹಲಗೆಯ ಮೇಲಿನ ಕೆಂಪು ಕಲೆಗಳನ್ನು ಬೆರಳಿನಿಂದ ಮುಟ್ಟಿದರು.

“ಎಲೆ ಅಡಿಕೆ ಉಗುಳಿದಾರೆ ನೋಡಿ ತಾಯಿ” ಎಂದರು. ಅವರ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಯಾವ ಟೆಂಡರ್ ಸಿಕ್ಕಿದ ದಿನವೂ ಕಂಡಿರಲಿಲ್ಲ. “ಎಷ್ಟು ಜನ ಇಲ್ಲಿ ಕೂತಿರ್ಬೇಕು.”

ಆಚೆಯ ದಡದ ಹಟ್ಟಿಯಲ್ಲಿ ಹುಂಜಗಳು ಕೂಗಿದವು, ಬಾಗಿಲುಗಳು ತೆರೆದವು. ಬೆಳಗಾಯಿತು ಎಂದುಕೊಂಡು ಜನ ಎದ್ದು ಬಂದರು. ಗಂಡಸೊಬ್ಬ ಕಣ್ಣುಜ್ಜಿಕೊಳ್ಳುತ್ತಾ ಮೇಕೆಯ ಹಗ್ಗ ಹಿಡಿದು ಸೇತುವೆಯ ಬಾಯಿಗೆ ಬಂದ. ಅವನಿಗಿಂತ ಮುಂದೆ ಒಬ್ಬ ಹೆಂಗಸು ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ನಡೆದು ಬಂದಳು. ಹಾಲಯ್ಯನವರು ಕಲ್ಲಿನ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಬರೆದ ಆ ಹೆಂಗಸು, ಉಗುರಿನಷ್ಟು ಎತ್ತರದವಳು, ಈಗ ಆಳೆತ್ತರವಾಗಿ ಹಲಗೆಗಳನ್ನು ತೂಗಿಸುತ್ತಾ ಎದುರಿಗೇ ಬರುತ್ತಿದ್ದಳು. ನಮ್ಮ ಹತ್ತಿರ ಬಂದು ನಿಂತು, ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

“ಯಾರಪ್ಪಾ ನೀವು, ಮಲಗಿ ಇನ್ನೂ ಮಗ್ಗುಲು ತಿರುಗಿಲ್ಲ, ಆಗಲೇ ಬೆಳಗು ಮಾಡ್ಬಿಟ್ರಲ್ಲ” ಎಂದಳು.

ಸೇತುವೆ ಬರೆದವರು ಇವರೇ ಎಂದು ಮರುಳಪ್ಪನವರು ಹಾಲಯ್ಯನವರನ್ನು ತೋರಿಸಿ ಹೇಳಿದರು. ಅವಳು ಅವರನ್ನು ಮೇಲಿನಿಂದ ಕೆಳಗೆ ನೋಡಿ, ಚೆನ್ನಾಗಿದೆ, ಆದರೆ ಕೂರಲು ಕಲ್ಲು ನಾವೇ ಹೊತ್ತು ತರಬೇಕಾಯಿತು ಎಂದು ದೂರು ಹೇಳಿ ಮುಂದೆ ಹೋದಳು. ಹಾಲಯ್ಯನವರು ಅವಳು ಹೋಗುವುದನ್ನೇ ನೋಡಿದರು. ಮೇಕೆಯನ್ನು ನೋಡಿದರು. ಹಲಗೆಯ ಮೊಳೆಗಳನ್ನು, ಹಗ್ಗದ ಗಂಟುಗಳನ್ನು, ಕೆಳಗೆ ನೊರೆಯಾಗಿ ಹರಿಯುವ ನೀರನ್ನು, ಅದರ ಮೇಲೆ ಬಿದ್ದಿದ್ದ ಸೇತುವೆಯ ನೆರಳನ್ನು ನೋಡಿದರು. ಅವರಿಗೆ ಯಾವ ಅವಸರವೂ ಇರಲಿಲ್ಲ.

ಚಿದಾನಂದ, ಪಂಕಜ, ಮಾಲೀಕರು, ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ನನ್ನ ಮುಖ ನೋಡತೊಡಗಿದರು. ಈ ಬಿಸಿಲು ಇನ್ನೆಷ್ಟು ಹೊತ್ತು ಇರುತ್ತದೆ, ಎಲ್ಲಿಗೆ ಬಂದಿದೆ ಎಂದು ತಿಳಿದುಕೊಳ್ಳುವ ಆಸೆ ಎಲ್ಲರಿಗೂ ಇತ್ತು. ಅದನ್ನು ಕೇಳುವ ಕೆಲಸ ಯಾರದು ಎಂದೂ ಎಲ್ಲರಿಗೂ ಗೊತ್ತಿತ್ತು. ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಹಾಲಯ್ಯನವರು ನೋಡುತ್ತಿದ್ದ ಹಲಗೆಗಳ ಮೇಲೆ ನನ್ನ ನೆರಳು ಬಿದ್ದಿತ್ತು, ಸದ್ದಾಗದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತೆ.